ಬೀಜದ ಗೊನೆಯ ಹಗ್ಗ

ಕೊಬ್ಬರಿಗೆ, ಅಡುಗೆಗೆ, ದೇವರಿಗೆ ಬೇಕಾದ ತೆಂಗಿನಕಾಯನ್ನು ನಮ್ಮ ಕಡೆ ಮರದ ಮೇಲಿಂದ ಕುಯ್ದು ನೆಲಕ್ಕೆ ಉದುರಿಸುತ್ತಾರೆ. ಬೀಜದ ಕಾಯನ್ನು ಉದುರಿಸುವುದಿಲ್ಲ. ಬೀಜಕ್ಕೆಂದು ಬಿಟ್ಟ ಗೊನೆಯನ್ನು ಹಗ್ಗ ಕಟ್ಟಿ ಇಳಿಸಬೇಕು. ಮೇಲೆ ಹತ್ತಿದವನು ಗೊನೆಯ ತೊಟ್ಟಿಗೆ ಹಗ್ಗ ಬಿಗಿದು, ಅದನ್ನು ಗಟ್ಟಿ ಗರಿಯೊಂದರ ಬುಡದ ಮೇಲೆ ಹಾಯಿಸಿ, ಇನ್ನೊಂದು ತುದಿಯನ್ನು ಕೆಳಗೆ ಬಿಡುತ್ತಾನೆ. ಕೆಳಗಿನವರು ಆ ತುದಿಯನ್ನು ಪಕ್ಕದ ಮರಕ್ಕೆ ಒಂದು ಸುತ್ತು ಸುತ್ತಿ, ಬಿಗಿಯಾಗಿ ಹಿಡಿದು ನಿಂತ ಮೇಲೆ ಅವನು ತೊಟ್ಟು ಕಡಿಯುತ್ತಾನೆ. ಭಾರವೆಲ್ಲ ಒಮ್ಮೆಗೇ ಕೈಗೆ ಬರುತ್ತದೆ. ಆಮೇಲೆ ಗೇಣುಗೇಣಾಗಿ ಹಗ್ಗ ಬಿಡುತ್ತಾ ಹೋಗಬೇಕು. ಗೊನೆ ನೆಲ ಮುಟ್ಟಿದ್ದು ಕಿವಿಗೆ ಕೇಳಬಾರದು. ಬಿದ್ದ ಕಾಯಿಯ ಒಳಗೆ ಮೊಳಕೆಯ ಕಣ್ಣು ನೋಯುತ್ತದೆ, ಹುಟ್ಟಿದರೂ ಸಸಿ ಚೆನ್ನಾಗಿ ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಆ ದಿನ ಹಗ್ಗ ಹಿಡಿದು ನಿಂತಿದ್ದವಳು ನಾನು. ಭಾರದ ಹಗ್ಗ ಇದ್ದಕ್ಕಿದ್ದಂತೆ ಹಗುರವಾದದ್ದು ಈಗಲೂ ನನ್ನ ಅಂಗೈಯಲ್ಲಿದೆ. ಬಾವಿಯಲ್ಲಿ ಕೊಡ ಕಳಚಿಕೊಂಡು ಹಗ್ಗ ಬರಿದಾಗಿ ಮೇಲೆ ಬಂದರೆ ಸಾಕು, ನಾನು ಕಣ್ಣು ಮುಚ್ಚಿಬಿಡುತ್ತೇನೆ. ಸದ್ದು ಕೇಳುವುದಕ್ಕೆ ಕಾಯುತ್ತೇನೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ತಿಪಟೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಉಳಿದುಕೊಂಡದ್ದು ಶೆಟ್ಟಿಕೆರೆಯ ಹತ್ತಿರದ ಒಂದು ಹಳ್ಳಿಯಲ್ಲಿ, ನನ್ನ ದೊಡ್ಡಮ್ಮನ ಮನೆಯಲ್ಲಿ. ದೊಡ್ಡಮ್ಮ ನನ್ನ ಅವ್ವನ ಅಕ್ಕ. ಮಕ್ಕಳಿರಲಿಲ್ಲ. ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷವಾಗಿತ್ತು. ಅವರ ತಮ್ಮ, ನಾನು ಚಿಕ್ಕಪ್ಪ ಎಂದು ಕರೆಯುತ್ತಿದ್ದವರು, ಅದೇ ಮನೆಯ ಇನ್ನೊಂದು ಭಾಗದಲ್ಲಿ ಗೋಡೆ ಎಬ್ಬಿಸಿಕೊಂಡು ಹೆಂಡತಿ ಮಕ್ಕಳ ಜೊತೆ ಬೇರೆ ಇದ್ದರು.

ಪಾಲು ಮಾಡುವಾಗ ಊರಿನ ಹಿರಿಯರು ತೋಟವನ್ನು ಎರಡು ಮಾಡಿದರು. ನಡುವಿನ ಬದುವಿನ ಮೇಲೆ ಏಳು ಹಳೆಯ ತೆಂಗಿನ ಮರಗಳಿದ್ದವು. ಬದು ಅಳತೆಯಲ್ಲಿ ಚಿಕ್ಕಪ್ಪನ ಕಡೆ ಬಿತ್ತು. ಆದರೆ ಆ ಮರಗಳನ್ನು ನೋಡಿಕೊಂಡು ಬಂದವಳು ದೊಡ್ಡಮ್ಮ. ಹಿರಿಯರು ಯೋಚಿಸಿ, ನೆಲ ತಮ್ಮನಿಗೆ, ಮರ ಇರುವವರೆಗೆ ಅದರ ಫಲ ಅತ್ತಿಗೆಗೆ ಎಂದು ಬಾಯಿಮಾತಿನಲ್ಲಿ ತೀರ್ಮಾನ ಹೇಳಿ, ಎಲೆ ಅಡಿಕೆ ಹಾಕಿಕೊಂಡು ಎದ್ದರು. ಅಂಥ ತೀರ್ಮಾನ ನಮ್ಮ ಕಡೆ ಹೊಸದಲ್ಲ. ಆದರೆ "ಮರ ಇರುವವರೆಗೆ" ಎಂಬ ಆ ಮಾತಿನೊಳಗೆ ಒಂದು ಕೊಡಲಿ ಕೂತಿದೆ ಎಂದು ಅವತ್ತು ಯಾರಿಗೂ ಹೊಳೆಯಲಿಲ್ಲ.

ದೊಡ್ಡಮ್ಮನ ಬದುಕು ನಿಂತದ್ದು ಆ ಏಳು ಮರಗಳ ಮೇಲೆಯೇ. ಅವಳ ಪಾಲಿಗೆ ಬಂದ ತೋಟದಲ್ಲಿ ಹೆಚ್ಚಿನವು ಇನ್ನೂ ಎಳೆಯ ಗಿಡ. ಏಳು ಮರದ ಕಾಯನ್ನು ಮಡಿಯಲ್ಲಿ ಹೂತು ಸಸಿ ಎಬ್ಬಿಸಿ ಮಾರುತ್ತಿದ್ದಳು. ಒಂದು ಮರದ ಕಾಯಿ ಗುಂಡಗೆ, ಗಾತ್ರ ಸಣ್ಣದು, ಒಳಗೆ ತಿರುಳು ಮಾತ್ರ ಬೆರಳು ದಪ್ಪ. ಇನ್ನೊಂದರದ್ದು ಉದ್ದನೆಯ ಕಾಯಿ, ನಾರು ಹೆಚ್ಚು. ಒಂದು ಮರ ಕೆಂಪು ಸಿಪ್ಪೆಯದು. ಇನ್ನೊಂದು, ಬುಡಕ್ಕೆ ಅಣಬೆ ರೋಗ ಬಂದು ಸುತ್ತಲಿನ ಮರಗಳೆಲ್ಲ ಸೋರಿ ಸತ್ತಾಗ ಒಂಟಿಯಾಗಿ ಬದುಕಿ ಉಳಿದದ್ದು. ಹುಳಿಯಾರಿನ ಬೆಂಗಾಡಿನಿಂದ, ಹಂದನಕೆರೆಯಿಂದ, ತುರುವೇಕೆರೆ ಕಡೆಯಿಂದ ಗಾಡಿ ಕಟ್ಟಿಕೊಂಡು ಜನ ಬರುತ್ತಿದ್ದರು. ದೊಡ್ಡಮ್ಮ ಮೊದಲು ಕೇಳುತ್ತಿದ್ದುದು ಒಂದೇ ಮಾತು: "ನೆಲ ಎಂಥದ್ದು?" ಕೆಂಪು ಮಣ್ಣೋ, ಜೇಡಿಯೋ, ನೀರು ಕೈಗೆ ಸಿಗುತ್ತದೋ ಇಲ್ಲವೋ ಕೇಳಿಕೊಂಡು ಇಂಥಿಂಥ ಮರಗಳ ಸಸಿ ಒಯ್ಯಿರಿ ಎನ್ನುತ್ತಿದ್ದಳು. ಒಂದೇ ಮರದ ಸಸಿಯನ್ನು ಯಾರಿಗೂ ಪೂರ್ತಿ ಕೊಡುತ್ತಿರಲಿಲ್ಲ. ನಾಲ್ಕು ಥರದ್ದನ್ನು ಬೆರೆಸಿಯೇ ಕೊಡುವಳು. ಹೊಲದಲ್ಲಿ ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಬಿಡದ ರೈತ ನಮ್ಮಲ್ಲಿ ಆಗ ಇರಲಿಲ್ಲ. ತೆಂಗಿಗೂ ಅದೇ ಲೆಕ್ಕ ಎಂದು ಅವಳ ತಿಳಿವಳಿಕೆ.

ಆ ಸಸಿಗಳಿಂದ ಎಷ್ಟು ಮನೆಗಳು ಮೇಲೆದ್ದವು ಎಂದು ಈಗ ಯೋಚಿಸುತ್ತೇನೆ. ತಿಪಟೂರಿನ ಪೇಟೆಗೆ ಬೇಕಾದದ್ದು ಉಂಡೆ ಕೊಬ್ಬರಿ. ಕಾಯನ್ನು ಸುಲಿಯದೆ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಎನ್ನುತ್ತದೆ. ಒಡೆದರೆ ಇಡೀ ಉಂಡೆ. ಅದು ಲಾರಿಗಳಲ್ಲಿ ಉತ್ತರದ ಕಡೆಗೆ ಹೋಗುತ್ತಿತ್ತು. ಹೆಂಚಿನ ಮನೆ, ಪಂಪ್‌ಸೆಟ್ಟು, ಹಾಸ್ಟೆಲಿನಲ್ಲಿ ಓದುವ ಮಕ್ಕಳು ಎಲ್ಲವೂ ಆ ಅಟ್ಟದಿಂದಲೇ ಇಳಿದು ಬಂದದ್ದು. ನಾನು ಕಾಲೇಜು ಓದಿದ್ದೂ ಹಾಗೆಯೇ.

ಚಿಕ್ಕಪ್ಪ ಕೆಟ್ಟವರಾಗಿರಲಿಲ್ಲ. ಚಿಕ್ಕವಳಿದ್ದಾಗ ನನ್ನನ್ನು ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಸಂತೆಗೆ ಕರೆದೊಯ್ದವರು ಅವರೇ. ಆ ವರ್ಷ ಹೊರಗಿನ ಒಂದು ನರ್ಸರಿಯಿಂದ ಮಿಶ್ರತಳಿಯ ಸಸಿಗಳ ಏಜೆನ್ಸಿ ತಂದಿದ್ದರು. ಗಿಡ್ಡ ಮರ, ಬೇಗ ಕಾಯಿ. ತಮ್ಮ ಪಾಲಿನ ತೋಟದಲ್ಲಿ ಹಳೆಯ ಮರಗಳ ಸಾಲನ್ನೇ ತೆಗೆಸಿ ಅದನ್ನು ನೆಟ್ಟರು. ಉಳಿದ ಸಸಿಗಳನ್ನು ಮನೆ ಮುಂದೆ ಚಪ್ಪರ ಹಾಕಿ ಮಾರಾಟಕ್ಕಿಟ್ಟರು. ಬಂದ ಗಾಡಿಗಳು ಅವರ ಚಪ್ಪರದ ಮುಂದೆಯೇ ಹಾದು ದೊಡ್ಡಮ್ಮನ ಮಡಿಯ ಹತ್ತಿರ ನಿಲ್ಲುತ್ತಿದ್ದವು. ಅದು ಅವರಿಗೆ ದಿನವೂ ಆಗುತ್ತಿದ್ದ ಅವಮಾನ.

"ದೇಶ ಎಲ್ಲಿಗೆ ಹೋಗ್ತಾ ಐತೆ, ಅತ್ಗೆ ಇನ್ನೂ ಈ ಮುದಿ ಮರಗಳ್ನ ತಬ್ಬಿಕೊಂಡು ಕೂತವ್ಳೆ. ನೀನಾದ್ರೂ ಹೇಳು ಕಣಮ್ಮ, ನೀನು ಓದಿರೋಳು" ಎಂದು ಒಮ್ಮೆ ನನ್ನನ್ನು ಕೇಳಿದರು. ಮಿಶ್ರತಳಿಯ ಅನುಕೂಲಗಳನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕ ಪಡೆದಿದ್ದವಳು ನಾನು. ಬರೆದದ್ದು ಸುಳ್ಳೂ ಆಗಿರಲಿಲ್ಲ. ಆದರೆ, "ಚಿಕ್ಕಪ್ಪ, ಆ ಮಿಶ್ರತಳಿ ಮಾಡೋದಕ್ಕೂ ಒಂದು ಕಡೆ ಇಂಥದ್ದೇ ಎತ್ತರದ ಮರ ಬೇಕಲ್ಲ" ಎಂದೆ.

ಅವರು ನಕ್ಕರು. "ಅದು ಇನ್ಯಾವುದೋ ಊರಲ್ಲಿರ್ತದೆ ಬುಡಮ್ಮ. ನನ್ನ ಬದುನ ಮೇಲೇ ಯಾಕಿರ್ಬೇಕು?"

ಕೆಲವು ದಿನಗಳಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮನ ಮಡಿಗೆ ಎತ್ತುಗಳು ನುಗ್ಗಿದ್ದವು. ತಾವಾಗಿ ನುಗ್ಗಿದ್ದಲ್ಲ. ಬೇಲಿಯ ಮುಳ್ಳನ್ನು ಸರಿಸಿ ಪಕ್ಕಕ್ಕೆ ಜೋಡಿಸಿಟ್ಟಿದ್ದರು. ಮೊಳಕೆ ಒಡೆದ ಕಾಯಿಗಳು ಗೊರಸಿನಡಿ ಒಡೆದು, ಒಳಗಿನ ಬಿಳಿಯ ಹೂವು ಮಣ್ಣಿನಲ್ಲಿ ಅರೆದು ಹೋಗಿತ್ತು. ದೊಡ್ಡಮ್ಮ ಮಧ್ಯದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿ ನೋಡುತ್ತಿದ್ದಳು. ಗೋಡೆಯಾಚೆ ಚಿಕ್ಕಪ್ಪ ಕೆಮ್ಮಿದ್ದು ಕೇಳಿಸಿತು. ಅವಳು ಅತ್ತ ತಿರುಗಿ, "ಎತ್ತಿಗೆ ಮುಳ್ಳು ಜೋಡ್ಸಿಡೋದು ಕಲ್ಸಿದ್ದೀಯ. ಜಾಣ ಕಣಪ್ಪ ನೀನು" ಎಂದಷ್ಟೇ ಹೇಳಿ ಎದ್ದಳು. ಆಮೇಲೆ ಅವರಿಬ್ಬರ ನಡುವೆ ಮಾತು ನಿಂತಿತು.

ಮಡಿ ಹೋದದ್ದರಿಂದ ಆ ಬೇಸಿಗೆಯ ಬೀಜದ ಗೊನೆಗಳೇ ಅವಳಿಗೆ ಉಳಿದ ದಾರಿ. ಅವನ್ನು ಇಳಿಸುವುದಕ್ಕೆ ಹುಳಿಯಾರು ಕಡೆಯಿಂದ ನನ್ನ ಸೋದರಮಾವ ಬಂದರು. ದೊಡ್ಡಮ್ಮನಿಗೂ ನನ್ನ ಅವ್ವನಿಗೂ ತಮ್ಮ. ತೆಳ್ಳಗೆ, ಉದ್ದಕ್ಕೆ ಇದ್ದರು. ಬಾಯಿ ಸುಮ್ಮನಿರುತ್ತಿರಲಿಲ್ಲ. ಪ್ರತಿ ವರ್ಷ ಬೀಜಕ್ಕೆ ಅವರೇ ಹತ್ತಬೇಕು. ಬೇರೆಯವರು ಹತ್ತಿದರೆ ದೊಡ್ಡಮ್ಮನಿಗೆ ಸಮಾಧಾನವಿಲ್ಲ.

"ಏ ಬಿಎಸ್ಸಿ, ಹಗ್ಗ ಹಿಡಿಯೋ ಪರೀಕ್ಷೆಲಿ ಪಾಸಾಗ್ತೀಯೇನೇ?" ಎಂದರು ನನಗೆ, ಕಾಲಿಗೆ ಹಗ್ಗದ ಕುಣಿಕೆ ಸಿಕ್ಕಿಸಿಕೊಳ್ಳುತ್ತಾ.

"ಮಾತು ಕಮ್ಮಿ ಮಾಡಿ ಹತ್ತೋ" ಎಂದಳು ದೊಡ್ಡಮ್ಮ.

"ಹತ್ತೀನಿ ಕಣಕ್ಕ. ಮ್ಯಾಲೆ ಹೋದ್ಮೇಲೆ ಮಾತಾಡೋಕೆ ಯಾರವ್ರೆ? ಗಿಣಿ ಜೊತೆ ಆಡ್ಬೇಕು."

ಗುಂಡುಕಾಯಿಯ ಮರಕ್ಕೆ ಅವರು ಹತ್ತಿದರು. ಬದುವಿನ ಈ ತುದಿಯ ಮರ ಅದು. ಹಗ್ಗ ಕೆಳಗೆ ಬಂತು. ನಾನು ಪಕ್ಕದ ಮರಕ್ಕೆ ಸುತ್ತಿ ಹಿಡಿದು ಹಿಂದಕ್ಕೆ ಜಗ್ಗಿ ನಿಂತೆ. ಮಾವ ತೊಟ್ಟು ಕಡಿದರು. ಭಾರ ಕೈಗೆ ಬಂತು. ಗೊನೆ ಒಂದು ಮಾರು ಇಳಿದಿರಬೇಕು, ಆಗ ಟ್ರ್ಯಾಕ್ಟರಿನ ಸದ್ದು ಕೇಳಿತು.

ಟ್ರ್ಯಾಲಿಯಲ್ಲಿ ನಾಲ್ಕೈದು ಮಂದಿ ಇದ್ದರು. ನಮ್ಮೂರಿನವರಲ್ಲ. ಇಟ್ಟಿಗೆ ಗೂಡಿಗೆ ತೆಂಗಿನ ಮರ ಕೊಳ್ಳುವವರ ಕಡೆಯ ಆಳುಗಳು. ಮುಂದೆ ಚಿಕ್ಕಪ್ಪ. ಬದುವಿನ ಆ ತುದಿಯಲ್ಲಿ ಇಳಿದವರೇ ಕೊನೆಯ ಮರದ ಬುಡಕ್ಕೆ ಕೊಡಲಿ ಹಾಕಿದರು. ಅಣಬೆ ರೋಗದಲ್ಲಿ ಉಳಿದುಕೊಂಡ ಮರ ಅದೇ. ತೆಂಗಿನ ಮರಕ್ಕೆ ಕೊಡಲಿ ಬಿದ್ದರೆ ಟಕ್ ಎನ್ನುವುದಿಲ್ಲ. ಒದ್ದೆ ಬಟ್ಟೆ ಒಗೆಯುವ ಹಾಗೆ ಧಪ್ ಎನ್ನುತ್ತದೆ, ರಸ ಮುಖಕ್ಕೆ ಸಿಡಿಯುತ್ತದೆ. ದೊಡ್ಡಮ್ಮ ಸೆರಗು ಕಟ್ಟಿ ಓಡಿದಳು. ಓಡುವ ಮೊದಲು ನನ್ನ ಕಡೆ ತಿರುಗಿ, "ಹಗ್ಗ ಬುಡಬ್ಯಾಡ ಮಗಾ, ಅಲ್ಲೇ ಹಿಡ್ಕೊಂಡಿರು" ಎಂದಳು.

ನಾನು ಹಿಡಿದುಕೊಂಡಿದ್ದೆ. ಕೊನೆಯ ಮರ ವಾಲಿತು. ತುದಿಯಲ್ಲಿ ಗರಿಗಳು ಒಮ್ಮೆ ನಡುಗಿ, ಆಕಾಶದಲ್ಲಿ ಅರ್ಧ ಸುತ್ತು ತಿರುಗಿ, ನೆಲಕ್ಕೆ ಬಡಿದಾಗ ನಾನು ನಿಂತಿದ್ದಲ್ಲಿಗೂ ಅಂಗಾಲು ನಡುಗಿತು. ಎಳೆ ಕಾಯಿಗಳು ಸಿಡಿದು ನೀರು ಹಾರಿತು. ಮರದ ತಲೆಯಲ್ಲಿದ್ದ ಗೂಡಿನಿಂದ ಅಳಿಲೊಂದು ಹೊರಬಂದು, ಎರಡು ಹೆಜ್ಜೆ ಓಡಿ, ಅಲ್ಲೇ ಬಿದ್ದುಕೊಂಡಿತು. ದೊಡ್ಡಮ್ಮ ಇಬ್ಬರು ಆಳುಗಳ ಕೈಯಲ್ಲಿ ಸಿಕ್ಕಿ ಒದ್ದಾಡುತ್ತಿದ್ದಳು. ಅವಳು ಬೈಯುತ್ತಿರಲಿಲ್ಲ. ಒಂದೇ ಸಮನೆ "ಶಿವನೇ, ಶಿವನೇ" ಎನ್ನುತ್ತಿದ್ದಳು. ಅವಳ ಕಣ್ಣೆದುರೇ ಅದರ ಪಕ್ಕದ ಮರವನ್ನೂ ಕೆಡವಿದರು. ನಡುವಿನ ಮರಗಳನ್ನು ಬಿಟ್ಟು ಚಿಕ್ಕಪ್ಪ ನೇರವಾಗಿ ನಮ್ಮ ಕಡೆ ನಡೆದು ಬಂದರು. ಗುಂಡುಕಾಯಿಯ ಮರ ಹೋದರೆ ಉಂಡೆ ಕೊಬ್ಬರಿಯ ಸಸಿ ಕೇಳಿ ಯಾರೂ ಬರುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಮಾವ ಕೆಳಗೆ ಇಳಿಯಲಿಲ್ಲ. ಇಳಿಯಲು ಸಮಯವಿತ್ತು. ಅವರು ಬೇಕೆಂದೇ ಮೇಲೆ ಉಳಿದರು. ಮೇಲೆ ಮನುಷ್ಯನಿರುವ ಮರಕ್ಕೆ ಯಾರೂ ಕೊಡಲಿ ಹಾಕುವುದಿಲ್ಲ ಎಂದು ಅವರ ಧೈರ್ಯ.

"ಬನ್ನಿ ಬಾವ, ಬನ್ನಿ! ಈ ಮರಾನೂ ಕಡೀರಿ! ನನ್ನೂ ಸೇರ್ಸಿ ಇಟ್ಟಿಗೆ ಗೂಡಿಗೆ ತುಂಬ್ಸಿ!" ಎಂದು ಮೇಲಿಂದ ಕೂಗಿದರು. ಆ ಹೊತ್ತಿನಲ್ಲೂ ಅವರ ದನಿಯಲ್ಲಿ ನಗು ಇತ್ತು.

ಕೊಡಲಿ ಹಿಡಿದ ಆಳು ತಲೆಯೆತ್ತಿ ನೋಡಿ ಹಿಂದೆ ಸರಿದ. "ಮ್ಯಾಲೆ ಮನುಷ್ಯ ಅವ್ನೆ ಯಜಮಾನ್ರೇ. ನನ್ ಕೈಲಾಗಲ್ಲ. ನಂಗೂ ಮಕ್ಳವ್ರೆ."

"ಇಳೀತಾನೆ. ಎರಡೇಟು ಬಿದ್ರೆ ತಾನಾಗೇ ಇಳೀತಾನೆ" ಎಂದು ಚಿಕ್ಕಪ್ಪ ಅವನ ಕೈಯಿಂದ ಕೊಡಲಿ ಕಿತ್ತುಕೊಂಡರು.

ದೊಡ್ಡಮ್ಮ ಬಿಡಿಸಿಕೊಂಡು ಬಂದು ಮರದ ಬುಡವನ್ನು ತಬ್ಬಿಕೊಂಡಳು. ಕೆನ್ನೆಯನ್ನು ತೊಗಟೆಗೆ ಒತ್ತಿಕೊಂಡಿದ್ದಳು. ಚಿಕ್ಕಪ್ಪ ಅವಳ ತಲೆಗೂದಲಿಗೆ ಕೈ ಹಾಕಿ ಹಿಂದಕ್ಕೆಳೆದರು. ಅಣ್ಣನ ಹೆಂಡತಿಯ ಎದುರು ಕೂತು ಬೀಡಿ ಸೇದಿದವರಲ್ಲ ಅವರು. ನಾನು ಕಿರುಚಿದೆ. ಅವಳು ಬಿಡಲಿಲ್ಲ. ಅವರು ಕೊಡಲಿಯ ಹಿಡಿಯಿಂದ ಅವಳ ಮುಂಗೈಗೆ ಹೊಡೆದರು. ಹಸಿ ಕಡ್ಡಿ ಮುರಿದ ಸದ್ದು ಬಂತು. ಅವಳು ಪಕ್ಕಕ್ಕೆ ಜಾರಿ ಬಿದ್ದಳು, ಹುಬ್ಬು ಕಲ್ಲಿಗೆ ತಾಗಿ ರಕ್ತ ಕಣ್ಣಿಗಿಳಿಯಿತು.

ಮೊದಲ ಏಟು ಮರಕ್ಕೆ ಬಿತ್ತು. ಮೇಲೆ ಮಾವನ ನಗು ನಿಂತಿತು. ಎರಡನೆಯ ಏಟಿಗೆ ಗರಿಗಳು ಅದುರಿದವು. ಹಗ್ಗದ ಮೂಲಕ ಆ ಅದುರು ನನ್ನ ಕೈಗೂ ಬಂತು. ಗೊನೆ ತುಸುವೇ ತೂಗಾಡಿತು, ಚಿಕ್ಕಪ್ಪನ ನೆತ್ತಿಯ ಮೇಲೆ, ತೆಂಗಿನ ಮರದ ಎತ್ತರದಲ್ಲಿ.

ಅವರು ಅದನ್ನು ನೋಡಿದರು. ಇದನ್ನು ನಾನು ಸಾವಿರ ಸಲ ಮತ್ತೆ ಮತ್ತೆ ಕಂಡಿದ್ದೇನೆ. ಅವರು ಬೆವರು ಒರೆಸಿಕೊಂಡು ತಲೆಯೆತ್ತಿ ಆ ಗೊನೆಯನ್ನು ಸರಿಯಾಗಿ ನೋಡಿದರು. ಬೇರೆ ಯಾವ ಮರದ ಕೆಳಗಾದರೂ, ಬೇರೆ ಯಾವ ಕಾಯಿಯಾದರೂ, ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು. ತೋಟದಲ್ಲಿ ಹುಟ್ಟಿ ಬೆಳೆದವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಇದು ಬೀಜದ ಗೊನೆ. ಬೀಜದ ಗೊನೆ ಬೀಳುವುದಿಲ್ಲ. ಅಜ್ಜನ ಕಾಲದಿಂದ ಬಿದ್ದಿಲ್ಲ. ಆ ನಂಬಿಕೆಯಲ್ಲಿ ಅವರೂ ದೊಡ್ಡಮ್ಮನಷ್ಟೇ ಬಲವಾಗಿದ್ದರು. ಅದನ್ನು ಆಡಿಯೂ ತೋರಿಸಿದರು.

"ಏನ್ಲಾ, ಮಾತು ನಿಂತೋಯ್ತಾ? ಕಾಯಿ ಎತ್ತಿ ಹಾಕ್ತೀಯಾ ನನ್ ಮ್ಯಾಲೆ? ಹಾಕು ನೋಡಾಣ! ಬೀಜದ ಕಾಯಿ ಬೀಳ್ಸಾಕೆ ನಿಮ್ಮಕ್ಕ ಬುಡ್ತಾಳೇನ್ಲಾ?"

ದೊಡ್ಡಮ್ಮ ನೆಲದಿಂದಲೇ ಮುಖ ಎತ್ತಿದಳು. ಒಂದು ಕಣ್ಣು ರಕ್ತದಿಂದ ಮುಚ್ಚಿತ್ತು. "ಬ್ಯಾಡ ಕಣೋ, ಬೀಳಿಸ್ಬ್ಯಾಡ!" ಎಂದು ಕೂಗಿದಳು. ಮೈದುನನ ಜೀವಕ್ಕಾಗಿ ಕೂಗಿದಳೋ, ಬೀಜಕ್ಕಾಗಿಯೋ ನನಗೆ ಗೊತ್ತಿಲ್ಲ. ಅವಳನ್ನು ನಾನು ಯಾವತ್ತೂ ಕೇಳಲಿಲ್ಲ.

ಚಿಕ್ಕಪ್ಪ ನಕ್ಕು, ಅಂಗೈಗೆ ಉಗುಳಿಕೊಂಡು, ಮೂರನೆಯ ಏಟಿಗೆ ಕೊಡಲಿ ಎತ್ತಿದರು. ಆಗ ಹಗ್ಗ ಹಗುರವಾಯಿತು.

ನಾನು ಹಿಂದಕ್ಕೆ ಬಿದ್ದೆ. ಬೀಳುವಾಗ ಕಂಡದ್ದು ಆಕಾಶ ಮತ್ತು ಮರದ ತಲೆ. ಅಲ್ಲಿ ಮಾವನ ಕೈ, ಕೈಯಲ್ಲಿ ಹೊಳೆಯುವ ಕುಡುಗೋಲು. ಆಮೇಲೆ ಸದ್ದು. ಒಂದು ಸದ್ದಲ್ಲ. ಮೊದಲು ಮೆತ್ತನೆಯದೊಂದು, ಅದರ ಬೆನ್ನಿಗೇ ಕಾಯಿಗಳು ನೆಲಕ್ಕೆ ಚೆದುರಿ ಬಡಿದದ್ದು, ಎಲ್ಲಕ್ಕೂ ಕೊನೆಗೆ ಕೊಡಲಿ ಕಲ್ಲಿಗೆ ತಾಗಿ ಠಣ್ ಎಂದದ್ದು.

ಗೊನೆ ತಲೆಗೆ ಬಿದ್ದಿರಲಿಲ್ಲ. ಕೊಡಲಿ ಎತ್ತಿದ್ದ ಬಲಭುಜದ ಮೇಲೆ ಬಿದ್ದಿತ್ತು. ಅವರು ಮಂಡಿಯೂರಿ ಕೂತಿದ್ದರು, ಯಾರಿಗೋ ನಮಸ್ಕಾರ ಮಾಡುತ್ತಿರುವವರ ಹಾಗೆ. ತೋಳು ಇರಬೇಕಾದ ಕಡೆ ಇರಲಿಲ್ಲ. ಭುಜದ ಮೂಳೆ ಅಂಗಿಯನ್ನು ಒಳಗಿನಿಂದ ಎತ್ತಿ ಹಿಡಿದಿತ್ತು, ಆ ಜಾಗದಲ್ಲಿ ಬಟ್ಟೆ ನೋಡನೋಡುತ್ತಿದ್ದಂತೆ ಕೆಂಪಾಯಿತು. ಬಾಯಿ ತೆರೆದಿತ್ತು, ದನಿ ಬರುತ್ತಿರಲಿಲ್ಲ. ಆಳುಗಳು ಟ್ರ್ಯಾಕ್ಟರಿನ ಕಡೆ ಓಡಿದರು. ಚಿಕ್ಕಪ್ಪನ ಬಳಿಗೆ ಮೊದಲು ತೆವಳಿಕೊಂಡು ಹೋದವಳು ದೊಡ್ಡಮ್ಮ. ತನ್ನ ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು, ಇನ್ನೊಂದರಿಂದ ಸೆರಗನ್ನು ಅವರ ಭುಜಕ್ಕೆ ಅದುಮಿ ಹಿಡಿದಳು. "ಅಯ್ಯೋ ನನ್ನಪ್ಪ, ಅಲ್ಲಾಡಬ್ಯಾಡ" ಎನ್ನುತ್ತಿದ್ದಳು. ನಾನು ಖಾಲಿ ಹಗ್ಗವನ್ನು ಹಿಡಿದುಕೊಂಡೇ ಇದ್ದೆ. ಅದನ್ನು ನನ್ನ ಕೈಯಿಂದ ಯಾರು ಬಿಡಿಸಿದರೋ ನೆನಪಿಲ್ಲ.

ಅದೇ ಟ್ರ್ಯಾಕ್ಟರಿನಲ್ಲಿ ಇಬ್ಬರನ್ನೂ ತಿಪಟೂರಿನ ಆಸ್ಪತ್ರೆಗೆ ಸಾಗಿಸಿದರು. ಅತ್ತಿಗೆ ಮೈದುನ ಒಂದೇ ಟ್ರ್ಯಾಲಿಯಲ್ಲಿ, ಮರ ತುಂಬಲು ತಂದಿದ್ದ ಹಗ್ಗಗಳ ಮೇಲೆ ಮಲಗಿಕೊಂಡು ಹೋದರು. ಮಾವ ಬಹಳ ಹೊತ್ತು ಮೇಲೆಯೇ ಇದ್ದರು. ಇಳಿದಾಗ ಅವರ ಎದೆ, ತೊಡೆ ತೊಗಟೆಗೆ ಉಜ್ಜಿ ಕಿತ್ತುಹೋಗಿತ್ತು. ಬಂದು ಬದುವಿನ ಮೇಲೆ ಕೂತು ವಾಂತಿ ಮಾಡಿಕೊಂಡರು.

ಪೊಲೀಸರು ಬಂದರು. ಹಗ್ಗ ಹರಿಯಿತೋ, ಕಡಿದದ್ದೋ ಎಂಬುದೇ ಅವರ ಪ್ರಶ್ನೆ. ಆಸ್ಪತ್ರೆಯ ಮಂಚದ ಮೇಲಿಂದ ಚಿಕ್ಕಪ್ಪನೇ ಹಗ್ಗ ಹಳೆಯದು, ಹರಿಯಿತು ಎಂದು ಹೇಳಿಕೆ ಕೊಟ್ಟರು. ಕಡಿದದ್ದು ಎಂದರೆ, ಮನುಷ್ಯನಿದ್ದ ಮರಕ್ಕೆ ತಾನು ಕೊಡಲಿ ಹಾಕಿದ್ದೂ, ಅತ್ತಿಗೆಯ ಕೈ ಮುರಿದದ್ದೂ ಹೊರಗೆ ಬರುತ್ತದಲ್ಲ. ಊರಿನ ಹಿರಿಯರು ಎರಡು ಕಡೆಗೂ ಓಡಾಡಿ ಹಾಗೆ ಹೇಳಿಸಿದ್ದರು. ಹಗ್ಗ ಹಿಡಿದವಳನ್ನು ಯಾರೂ ಏನೂ ಕೇಳಲಿಲ್ಲ. ಹುಡುಗಿ, ಕಾಲೇಜು ಓದುವವಳು, ನಾಳೆ ಮದುವೆಯಾಗಬೇಕಾದವಳು, ಅವಳನ್ನು ಸ್ಟೇಷನ್ನಿಗೆ ಎಳೆಯುವುದು ಬೇಡ ಎಂದು ತೀರ್ಮಾನಿಸಿದರು. ನೋಡಿದ್ದೆಲ್ಲ ನನ್ನೊಳಗೇ ಉಳಿದದ್ದು ಹಾಗೆ. ಮುಂದಿನ ಪರೀಕ್ಷೆಯಲ್ಲಿ ತೆಂಗಿನ ಹೂಗೊಂಚಲಿನ ಚಿತ್ರ ಬರೆಯಲು ಕೂತವಳು ಪೆನ್ಸಿಲ್ ಹಿಡಿಯಲಾಗದೆ ಎದ್ದು ಬಂದೆ.

ಉಳಿದ ಐದು ಮರಗಳ ತಂಟೆಗೆ ಯಾರೂ ಹೋಗಬಾರದೆಂದು ಹಿರಿಯರು ಮತ್ತೆ ಮಾತು ಕಟ್ಟಿದರು. ಗುಂಡುಕಾಯಿಯ ಮರ ಬುಡದಲ್ಲಿ ಗಾಯ ಹೊತ್ತುಕೊಂಡು ನಿಂತಿತ್ತು. ಬದುಕುತ್ತದೋ ಇಲ್ಲವೋ ಹೇಳುವಂತಿರಲಿಲ್ಲ. ದೊಡ್ಡಮ್ಮ ಕಟ್ಟು ಹಾಕಿದ ಕೈಯಲ್ಲೇ ಗಾಯಕ್ಕೆ ಟಾರು ಬಳಿದು, ಸುತ್ತ ಕಲ್ಲು ಮಣ್ಣು ಏರಿಸಿದಳು. ಚೆದುರಿ ಬಿದ್ದಿದ್ದ ಕಾಯಿಗಳನ್ನು ಆಯ್ದು ತಂದಳು. ಹೆಚ್ಚಿನವು ಬಿರುಕು ಬಿಟ್ಟಿದ್ದವು. ಕೆಲವಕ್ಕೆ ರಕ್ತ ಒಣಗಿ ಅಂಟಿತ್ತು. ಅವನ್ನು ತೊಳೆದು, ಬೇರೆಯದೇ ಒಂದು ಮಡಿ ಮಾಡಿ ಹೂತಳು.

"ಬಿದ್ದ ಕಾಯಿ ಹುಟ್ಟುತ್ತಾ ದೊಡ್ಡಮ್ಮ?" ಎಂದೆ.

"ಗೊತ್ತಿಲ್ಲ ಕಣೇ. ಯಾರೂ ಬೀಳ್ಸಿ ನೋಡಿಲ್ವಲ್ಲ."

ಕೆಲವು ಹುಟ್ಟಿದವು. ಅವನ್ನು ಅವಳು ಮಾರಲಿಲ್ಲ. ಬಿದ್ದುಹೋದ ಎರಡು ಮರಗಳ ಜಾಗದಲ್ಲಿ ಎರಡನ್ನು ನೆಟ್ಟಳು. ಗುಂಡುಕಾಯಿಯ ಗಿಡಗಳೇನೋ ಬಂದವು. ಅಣಬೆ ರೋಗಕ್ಕೆ ಬಗ್ಗದಿದ್ದ ಆ ಮರದ ತಳಿ ಮಾತ್ರ ಮತ್ತೆ ಎಲ್ಲೂ ಸಿಗಲಿಲ್ಲ. ಅದರ ಸಸಿಗಳೆಲ್ಲ ಎತ್ತು ತುಳಿದ ಮಡಿಯಲ್ಲಿದ್ದವು, ಮೇಲಿದ್ದ ಬಲಿತ ಕಾಯಿ ಮರ ಬಿದ್ದ ಏಟಿಗೆ ಚೂರಾಗಿತ್ತು. ಹಿಂದೆ ಒಯ್ದವರ ತೋಟಗಳಲ್ಲಿ ಹುಡುಕಿಸಿದಳು. ಯಾವ ಸಸಿ ಯಾವ ಮರದ್ದೆಂದು ಯಾರಿಗೂ ನೆನಪಿರಲಿಲ್ಲ. ಬೆರೆಸಿ ಕೊಟ್ಟವಳು ಅವಳೇ ಅಲ್ಲವೇ.

ಮಾವ ಮತ್ತೆ ಮರ ಹತ್ತಲಿಲ್ಲ. ಆ ಊರಿಗೂ ಬರಲಿಲ್ಲ. ಮಾತೂ ಕಡಿಮೆಯಾಯಿತು.

ಎಂಬತ್ತರ ದಶಕದ ನಡುವಿನಲ್ಲಿ, ಮದುವೆಯಾಗಿ ತುರುವೇಕೆರೆಯಲ್ಲಿದ್ದ ನಾನು, ದೊಡ್ಡಮ್ಮನನ್ನು ನೋಡಲು ಹೋಗಿದ್ದೆ. ಚಿಕ್ಕಪ್ಪನ ಗಿಡ್ಡ ಮರಗಳು ಆ ಹೊತ್ತಿಗೆ ಕೈಗೆಟುಕುವ ಎತ್ತರದಲ್ಲಿ ತುಂಬ ಕಾಯಿ ಬಿಟ್ಟಿದ್ದವು. ಎಳನೀರಿಗೆ ಅವು ಚೆನ್ನಾಗಿಯೇ ಇದ್ದವು. ಆದರೆ ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕಟ್ಟುತ್ತಿರಲಿಲ್ಲ. ತಿರುಳು ಚರ್ಮದ ಹಾಗೆ ಸುಕ್ಕಿ ಚಿಪ್ಪಿಗೇ ಅಂಟಿಕೊಳ್ಳುತ್ತಿತ್ತು. ಹೇಗೋ ಬಿಟ್ಟುಕೊಂಡ ಒಂದಷ್ಟನ್ನು ಪೇಟೆಗೆ ಒಯ್ದರೆ, ವ್ಯಾಪಾರಿ ಎರಡು ಉಂಡೆ ಕೈಗೆತ್ತಿಕೊಂಡು ಒಂದಕ್ಕೊಂದು ತಟ್ಟಿ, ಸದ್ದು ಕೇಳಿ, ಬೇಡವೆಂದು ತಿರುಗಿ ಅವರ ಚೀಲಕ್ಕೇ ಹಾಕಿದನಂತೆ. ಅವರ ಸಸಿ ನಂಬಿ ಪೂರ್ತಿ ತೋಟವನ್ನೇ ಅದರಲ್ಲಿ ಕಟ್ಟಿದ ಇನ್ನೆರಡು ಮನೆಗಳ ಕಥೆಯೂ ಅದೇ.

ನಾನು ಹೋದ ದಿನ ದೊಡ್ಡಮ್ಮ ಬೀಜದ ಗೊನೆ ಇಳಿಸಲು ಆಳು ಕರೆಸಿದ್ದಳು. ಅಷ್ಟರಲ್ಲಿ ಚಿಕ್ಕಪ್ಪ ಬಂದು ಮಡಿಯ ಬೇಲಿಯ ಹೊರಗೆ ನಿಂತರು. ಬಲತೋಳು ತೆಳ್ಳಗಾಗಿ ಪಕ್ಕದಲ್ಲಿ ಜೋತುಬಿದ್ದಿತ್ತು. ನನ್ನ ಕಡೆ ನೋಡಲಿಲ್ಲ.

"ಸಸಿ ಬೇಕಾಗಿತ್ತು" ಎಂದರು, ಬೇಲಿಗೆ ಹೇಳುವಂತೆ.

ದೊಡ್ಡಮ್ಮ ಕಳೆ ಕೀಳುತ್ತಿದ್ದ ಕೈ ನಿಲ್ಲಿಸಲಿಲ್ಲ. "ನೆಲ ಎಂಥದ್ದು?" ಎಂದಳು.

ಆ ನೆಲಕ್ಕೆ ಸೊಸೆಯಾಗಿ ಬಂದು ಅದರ ಹೆಂಟೆ ಹೆಂಟೆಯನ್ನೂ ಒಡೆದವಳು ಅವಳು. ಚಿಕ್ಕಪ್ಪ, ಗಾಡಿ ಕಟ್ಟಿಕೊಂಡು ಬರುವ ಎಲ್ಲರ ಹಾಗೆಯೇ, "ಕೆಂಪು ಮಣ್ಣು. ನೀರು ಸುಮಾರು" ಎಂದರು.

"ಮಡೀಲಿರೋದೆಲ್ಲ ಬೇರೆಯೋರು ಕೇಳವ್ರೆ. ಇವತ್ತು ಇಳ್ಸೋದ್ರಲ್ಲಿ ಕೊಡ್ತೀನಿ. ಮುಂದಿನ ವರ್ಷಕ್ಕೆ ಸಸಿ ಆಯ್ತದೆ."

ಆಳು ಹತ್ತಿದ್ದು ಗಾಯದ ಮರವನ್ನೇ. ಕಡಿದ ಜಾಗ ಕಪ್ಪಾಗಿ ಒಳಕ್ಕೆ ಸರಿದಿತ್ತು. ಹಗ್ಗವೂ ಅದೇ, ಕಡಿದಲ್ಲಿ ಗಂಟು ಹಾಕಿ ಇಟ್ಟುಕೊಂಡಿದ್ದಳು. "ಹಗ್ಗ ಹಿಡಿ ಮಗಾ" ಎಂದಳು ನನಗೆ, ಏನೂ ಆಗಿಲ್ಲವೆಂಬಂತೆ. ನಾನು ಕೈ ಚಾಚಲು ಹೋದೆ. ಕೈ ಏಳಲಿಲ್ಲ. ಕಾಲುಗಳು ನಾನು ಹೇಳದೆಯೇ ಹಿಂದಕ್ಕೆ ನಡೆಯುತ್ತಿದ್ದವು.

ಚಿಕ್ಕಪ್ಪ ಬೇಲಿ ದಾಟಿ ಬಂದರು. ಎಡಗೈಯಲ್ಲಿ ಹಗ್ಗ ತೆಗೆದುಕೊಂಡು, ಪಕ್ಕದ ಮರಕ್ಕೆ ಸುತ್ತಿ, ಉಳಿದದ್ದನ್ನು ಸೊಂಟಕ್ಕೆ ಬಳಸಿ ಹಿಂದಕ್ಕೆ ಒರಗಿ ನಿಂತರು. ಮೇಲಿನವನು ಕಡಿದ. ಭಾರ ಬಂದಾಗ ಅವರ ಕತ್ತಿನ ನರಗಳು ಎದ್ದವು. ಗೊನೆ ಇಳಿಯತೊಡಗಿತು. ಸ್ವಲ್ಪ ಇಳಿದು, ಗಂಟು ಗರಿಯ ಬುಡಕ್ಕೆ ಸಿಕ್ಕಿಕೊಂಡು, ನಿಂತಿತು.

ಅವತ್ತು ನಿಂತಿದ್ದಲ್ಲೇ. ಅದೇ ಎತ್ತರದಲ್ಲಿ. ಅದೇ ಹಾಗೆ ತುಸು ತೂಗುತ್ತಾ. ದೊಡ್ಡಮ್ಮ ಸೊಟ್ಟಗೆ ಕೂಡಿಕೊಂಡಿದ್ದ ತನ್ನ ಮುಂಗೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಮೇಲೆ ನೋಡುತ್ತಿದ್ದಳು. ಚಿಕ್ಕಪ್ಪನ ಮುಖದಲ್ಲಿ ಬೆವರು ಇಳಿಯುತ್ತಿತ್ತು. ಅವರಿಗೆ ಒರೆಸಿಕೊಳ್ಳಲು ಇನ್ನೊಂದು ಕೈ ಇರಲಿಲ್ಲ. ಅವರೂ ತಲೆಯೆತ್ತಿ ಆ ಗೊನೆಯನ್ನೇ ನೋಡುತ್ತಿದ್ದರು. ನನ್ನ ಕಿವಿ ಆಗಲೇ ಸದ್ದು ಕೇಳಿಬಿಟ್ಟಿತ್ತು, ಮೊದಲು ಮೆತ್ತನೆಯದು, ಆಮೇಲೆ ಚೆದುರಿದ್ದು.

"ಮೆತ್ತಗೆ" ಎಂದಳು ದೊಡ್ಡಮ್ಮ. "ಒಸಿ ಮೇಲಕ್ಕೆಳ್ದು ಬುಡು."

ಅವರು ಸೊಂಟದಿಂದ ಹಿಂದಕ್ಕೆ ಜಗ್ಗಿ ಹಗ್ಗವನ್ನು ಅಲುಗಿಸಿದರು. ಗಂಟು ಹೊರಳಿ ಜಾರಿತು. ಗೊನೆ ಗೇಣುಗೇಣಾಗಿ ಇಳಿದು ಬಂದು ಹುಲ್ಲಿನ ಮೇಲೆ ಕೂತಿತು. ಗಂಟು ಜಾರಿದಾಗ ಮುಚ್ಚಿದ್ದ ಕಣ್ಣನ್ನು ನಾನು ಇನ್ನೂ ತೆರೆದಿರಲಿಲ್ಲ. ಅದು ನೆಲ ಮುಟ್ಟಿದ್ದು ನನಗೆ ಕೇಳಿಸಲಿಲ್ಲ.